ಚಾವಣಿ ಹಣಕ್ಕೆ ನನ್ನ ಸಹಿ ಇಲ್ಲ

ರೀ,

ತಿಂಡಿ ಮುಚ್ಚಿಟ್ಟಿದ್ದೀನಿ. ಅತ್ತೆ ತಿಂದಮೇಲೆ ಬಿಳಿ ಮಾತ್ರೆ ಕೊಡಿ, ಮರೀಬೇಡಿ.

ನಾನು ಚರ್ಚಿಗೆ ಹೊರಟೆ. ಚಾವಣಿ ರಿಪೇರಿಗೆ ಅಂತ ಜನ ಕೊಟ್ಟ ಹಣದಲ್ಲಿ ಚರ್ಚ್ ಸಮಿತಿ ಅಧ್ಯಕ್ಷರು ಮೈಕ್ ಸೆಟ್ ತಂದಿದ್ದಾರೆ. ಅದನ್ನ ಹೆಂಚಿನ ಖರ್ಚು ಅಂತ ಬರೆದು ಖಜಾಂಚಿಯಾದ ನಾನು ಸಹಿ ಹಾಕಬೇಕಂತೆ. ಸುತಾರಾಂ ಹಾಕಲ್ಲ. ಪ್ರಾರ್ಥನೆ ಮುಗಿದಮೇಲೆ ಎಲ್ಲರೆದುರು ಲೆಕ್ಕ ಓದ್ತೀನಿ. ಅಧ್ಯಕ್ಷರು ಮನೆಗೆ ಬಂದು ಲೆಕ್ಕದ ಪುಸ್ತಕ ಕೇಳಿದ್ರೆ, ನನ್ನ ಚೀಲದಲ್ಲಿದೆ ಅನ್ನಿ. ಕಾಫಿ ಕೊಟ್ಟು ಸಮಾಧಾನ ಮಾಡ್ತಾ ಕೂರಬೇಡಿ.

"ನಮಗ್ಯಾಕೆ ಊರ ಉಸಾಬರಿ" ಅಂದ್ರಿ ನಿನ್ನೆ. ಇಸ್ತ್ರಿ ಅಂಗಡಿ ಅಜ್ಜಿ ತಿಂಗಳು ತಿಂಗಳು ಚಿಲ್ಲರೆ ಎಣಿಸಿ ಕೊಟ್ಟಿದ್ದಾರೆ. ಮಳೆ ಬಂದ್ರೆ ಸೋರೋದು ಅವರ ತಲೆ ಮೇಲೇ.

ಖಜಾಂಚಿ ಕೆಲಸದಿಂದ ತೆಗೆದ್ರೆ ತೆಗೀಲಿ. ನೀವೂ ಬನ್ನಿ. ಹಿಂದಿನ ಬೆಂಚಲ್ಲಿ ಅಡಗಿ ಕೂರಬೇಡಿ. ನಾನು ಓದುವಾಗ ನಿಮ್ಮ ಮುಖ ಕಾಣಬೇಕು.