ಯಾವ ಹೊತ್ತಿನ ನೀರು?

ನನಗೆ ಗುರುಗಳಾಗಿದ್ದವರೇ,

‘ಪೂಜ್ಯ’ ಎಂದು ಬರೆಯಲು ಕೈ ಏಳಲಿಲ್ಲ. ನೀವು ಹೋಗಿ ಎರಡು ವರ್ಷವಾಯಿತು. ನನ್ನ ಸಿಟ್ಟು ಎಲ್ಲಿಗೂ ಹೋಗಿಲ್ಲ.

ನನ್ನ ಪ್ರಬಂಧಕ್ಕೆಂದು ಹೊನ್ನಾವರದ ಕಡಲಿಗೆ ಹೋದ ಆ ಮೊದಲ ದಿನ ನೆನಪಿದೆಯೇ? ನೀವು ಸಿಂದಗಿ ಕಡೆಯವರು, ನಾನು ಮಸೂತಿಯವನು. ಇಬ್ಬರೂ ಬೆಳಿಗ್ಗೆ ಇದ್ದ ಗುರುತಿನಲ್ಲೇ ಸಂಜೆಗೂ ನಿಲ್ಲುವ ಬಾವಿನೀರು ನೋಡಿ ಬೆಳೆದವರು. ಬಂಡೆಯ ಮೇಲೆ, ತೆರೆಗೆ ಎಟುಕದ ಎತ್ತರದಲ್ಲಿ, ಸತ್ತ ಸಿಂಪಿಗಳ ಚಿಪ್ಪುಗಳು ಕಚ್ಚಿಕೊಂಡು ಕೂತಿದ್ದವು. ಸಿಂಪಿ ಬದುಕುವುದು ಕಡಲ ನೀರು ಮುಟ್ಟುವಷ್ಟು ಎತ್ತರದಲ್ಲಿ ಮಾತ್ರ. ಅಂದರೆ ಸಾವಿರಾರು ವರ್ಷದ ಹಿಂದೆ ಕಡಲು ಅಲ್ಲಿಯವರೆಗೆ ಏರಿತ್ತು ಎಂದು ನೀವು ಹೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ನಾನು ಟೇಪು ಹಿಡಿದು ಮೇಲೆ ಹತ್ತಿದೆ, ನೀವು ಇನ್ನೊಂದು ತುದಿ ಹಿಡಿದು ನೀರಿನ ಅಂಚಿನಲ್ಲಿ ಕೂತಿರಿ. ನೀರಿನಿಂದ ಆ ಸಿಂಪಿಗಳವರೆಗೆ ಒಂದಾಳೆತ್ತರಕ್ಕಿಂತ ಹೆಚ್ಚೇ ಬಂತು. ಹೊತ್ತು ಬರೆದುಕೊಳ್ಳಲೇ ಎಂದು ಕೇಳಿದೆ. “ಬಾವಿ ಅಳಿಯೂ ಮುಂದ ನಿಮ್ಮಪ್ಪ ಗಡಿಯಾರ ನೋಡ್ತಿದ್ನೇನೋ?” ಎಂದು ನಕ್ಕಿರಿ. ನಾನೂ ನಕ್ಕೆ.

ಮೂರನೆಯ ದಿನ ಅದೇ ಬಂಡೆಯಲ್ಲಿ ಸಿಂಪಿ ಕೀಳುತ್ತಿದ್ದ ಹೆಂಗಸೊಬ್ಬಳು, ನಾವು ನೀರಿನ ಅಂಚಿನಿಂದ ಅಳೆದದ್ದನ್ನು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ, ಅದನ್ನು ನಂಬಬೇಡ. ಜೀವವಿರುವ ಸಿಂಪಿಯ ಸಾಲಿನಿಂದ ಸತ್ತದ್ದರ ಸಾಲಿಗೆ ಅಳೆ ಎಂದಳು. ಓಡಿ ಬಂದು ಹೇಳಿದೆ. ನೀವು ಆಗಲೇ ಚೀಲ ಕಟ್ಟಿದ್ದಿರಿ. ಸಿಂಪಿ ಕೀಳುವವಳಿಂದ ಪಾಠ ಬೇಡ ಎಂದಿರಿ.

ಪ್ರಬಂಧದ ಪರೀಕ್ಷೆಯ ದಿನ ಪರೀಕ್ಷಕರಾಗಿ ಬಂದವರು ಕೇಳಿದ್ದು ಅದೊಂದನ್ನೇ: ಯಾವ ಹೊತ್ತಿನ ನೀರಿನಿಂದ ಅಳೆದಿರಿ? ನಾನು ನಿಮ್ಮ ಮುಖ ನೋಡಿದೆ. “ಅಳತಿ ಮಾಡಿದಾವ ಇವನರಿ. ಹೊತ್ತು ಬರಕೋ ಅಂತ ನಾ ಹೇಳಿದ್ದೆ,” ಎಂದಿರಿ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಪ್ರಬಂಧ ಒಪ್ಪಿಗೆಯಾಗದೆ ತಿರುಗಿ ಬಂತು. ನಾನು ಮುದ್ದೇಬಿಹಾಳದ ಸಾಲೆಗೆ ಮಾಸ್ತರನಾಗಿ ಹೋದೆ, ಅಳತೆ ಬಾರದವನು ಎಂಬ ಹೆಸರು ಹೊತ್ತುಕೊಂಡು.

ನೀವು ಬಾಗೇವಾಡಿಯ ಮನೆಯಲ್ಲಿ ಹಾಸಿಗೆ ಹಿಡಿದಾಗ ಮೂರು ಸಲ ಬಂದೆ. ಆರೈಕೆಗಲ್ಲ. ‘ತಪ್ಪಾಯಿತು’ ಎಂಬ ಒಂದು ಮಾತಿಗೆ. ನೀವು ಮಜ್ಜಿಗೆಯ ಹುಳಿಯ ಬಗ್ಗೆ ಮಾತಾಡಿದಿರಿ, ದಿಂಬು ಸರಿಸು ಎಂದಿರಿ. ಬಾಯಿ ಬರಲಿಲ್ಲವೋ, ಮನಸ್ಸೇ...

ಹೋದ ದಸರಾ ಸೂಟಿಯಲ್ಲಿ ಒಬ್ಬನೇ ಹೊನ್ನಾವರಕ್ಕೆ ಹೋಗಿ, ಆ ಹೆಂಗಸು ಹೇಳಿದಂತೆಯೇ ಅಳೆದು ಬಂದೆ. ನನ್ನ ಸೊಂಟದೆತ್ತರ ಬಂತು. ಕಡಲು ಏರಿದ್ದು ನಿಜ. ಅದನ್ನು ಕಂಡವರು ನೀವು. ನೀವು ಹೇಳಿದಷ್ಟು ಏರಿರಲಿಲ್ಲ. ಅದನ್ನೆಲ್ಲ ಲೇಖನ ಮಾಡಿ ಪತ್ರಿಕೆಗೆ ಕಳಿಸಿದೆ, ಒಪ್ಪಿಕೊಂಡಿದ್ದಾರೆ. ಕೊನೆಯ ಪ್ರತಿ ತಿದ್ದಿ ಬರೆದು ಕೊಡುವುದಷ್ಟೇ ಉಳಿದಿತ್ತು.

ಸುದ್ದಿ ತಿಳಿದು ನಿಮ್ಮ ಮಡದಿ ಅಕ್ಕಾರು ಕರೆಸಿದರು. “ತಮ್ಮಾ, ಹೋದಾವರ ಮ್ಯಾಲ ಏನ ಸಿಟ್ಟು? ಅವರ ಹೆಸರೊಂದು ಬಿಟ್ಟು ಬರಿ.”

“ಬಿಟ್ಟರ ತಪ್ಪು ನನ್ನ ಮ್ಯಾಲೇ ಉಳೀತೈತ್ರಿ, ಅಕ್ಕಾರ.”

ಅವರು ಒಳಗೆ ಹೋಗಿ ಚಹಾ ತಂದಿಟ್ಟರು. “ಹಂಗಾದ್ರ ಬರಿ. ನನಗೂ ಓದಿ ಹೇಳು.”

ಬರೆದಿದ್ದೇನೆ. ಮೊದಲ ಅಳತೆಯನ್ನು ನೀರಿನ ಅಂಚಿನಿಂದ ಹಿಡಿದವರು ನೀವು, ಹೊತ್ತು ಬೇಡವೆಂದವರೂ ನೀವೇ. ಅಚ್ಚಾದ ದಿನ ನಿಮ್ಮ ಮನೆಗೆ ಹೋಗಿ, ನಿಮ್ಮ ಫೋಟೊದ ಕೆಳಗೆ ಕೂತು, ಆ ಸಾಲನ್ನೂ ಬಿಡದೆ ಗಟ್ಟಿಯಾಗಿ ಓದುತ್ತೇನೆ.