ಸೇನಾಪತಿ ಅಲ್ಲದ ಜುಲೈಬೀಬ್

ದರ್ಬೆ, ಪುತ್ತೂರು
೧೪ ಡಿಸೆಂಬರ್ ೨೦೨೪

ನನ್ನ ಮುದ್ದಿನ ಸಮನ್ವಿತಾ,

ಮದುವೆಯಾಗಿ ನಲವತ್ತೊಂದು ದಿನ, ನಕ್ಕು ನಕ್ಕು ಕೆನ್ನೆ ನೋಯುತ್ತಿದೆ! ಅಲ್ಲಿ ಆಲೆಟ್ಟಿಯಲ್ಲಿ ನನ್ನ ಕಾಗದ ಕಂಡು ಗಾಬರಿಯಾಗಬೇಡ. ಇದನ್ನೆಲ್ಲ ವಾಟ್ಸಾಪಿನಲ್ಲಿ ಬರೆದರೆ ಕೈತಪ್ಪಿ ನಮ್ಮ ಮನೆಯವರ ಗ್ರೂಪಿಗೆ ಹೋದೀತು ಎಂಬ ಭಯ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಹೇಳಿದ ಒಂದು ಸುಳ್ಳಿನಿಂದ ಒಂದು ಮಗುವಿನ ಹೆಸರೇ ಬದಲಾಗುವುದರಲ್ಲಿತ್ತು ಕಣೇ.

ಇವರ ಹೆಸರು ಜುಲೈಬೀಬ್ ಎಂದು ನಿನಗೆ ಗೊತ್ತು. ಪುತ್ತೂರಿನಿಂದ ಕಡಬದವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಕೆಲಸ ಫ್ರಿಜ್ ರಿಪೇರಿ. ದೊಡ್ಡ ಫ್ರಿಜ್ಜಿನ ಪಕ್ಕ ನಿಂತರೆ ಫ್ರಿಜ್ಜೇ ಎತ್ತರ. ಹೆಣ್ಣು ನೋಡಲು ಬಂದ ದಿನ ನನ್ನ ಉಮ್ಮಮ್ಮ, ಅಂದರೆ ಅಮ್ಮನ ಅಮ್ಮ, ಹುಡುಗ ಬಂದ ಅಂದ್ರಲ್ಲ, ಎಲ್ಲಿ, ಕುರ್ಚಿಯ ಹಿಂದೆ ಉಂಟಾ ಅಂತ ಎಲ್ಲರಿಗೂ ಕೇಳುವಂತೆ ಕೇಳಿದರು. ಹುಡುಗನ ಕಡೆಯವರು ಹೋದ ಮೇಲೆ ಉಮ್ಮಮ್ಮ, ಇದೆಂತ ಹೆಸರು ಮಾರಾಯ್ತಿ, ಅರ್ಥ ಗಿರ್ಥ ಉಂಟಾ ಅಂತ ಶುರು. ಸಂಬಂಧ ತಪ್ಪಿಹೋಗುತ್ತದೆ ಎಂಬ ಹೆದರಿಕೆಯಲ್ಲಿ ನಾನು ಸೇನಾಪತಿ ಎಂದು ಅರ್ಥ ಅಂದುಬಿಟ್ಟೆ. ಉಮ್ಮಮ್ಮ ಬೆಣ್ಣೆಯಂತೆ ಕರಗಿದರು.

ಆಮೇಲೆ ಕಬಕದಲ್ಲಿರುವ ದೊಡ್ಡಮ್ಮನ ಮಗಳು ತಸ್ಲೀಮಾಗೆ ಗಂಡುಮಗು ಹುಟ್ಟಿತು. ಅವಳು ಸುಹೈಬ್ ಎಂಬ ಹೆಸರನ್ನು ತಿಂಗಳುಗಳ ಮೊದಲೇ ಆರಿಸಿಟ್ಟಿದ್ದಳು. ಉಮ್ಮಮ್ಮ ಬಿಡಬೇಕಲ್ಲ! ಜುಲೈಬೀಬ್ ಅಂತಲೇ ಇಡುದು, ಕುಟುಂಬಕ್ಕೆ ಇನ್ನೊಬ್ಬ ಸೇನಾಪತಿ ಬೇಕು ಅಂತ ಹಟ. ತಸ್ಲೀಮಾ ಹಿರಿಯರ ಮುಂದೆ ತಲೆಯಾಡಿಸಿದಳು, ಕೋಣೆಗೆ ಹೋಗಿ ಅತ್ತಳು. ನಾನು ಮೂರು ಸಲ ನಿಜ ಹೇಳಲು ಬಾಯಿ ತೆರೆದೆ. ಮೂರು ಸಲವೂ ಉಮ್ಮಮ್ಮ, ಹೊಸ ಮದುಮಗಳು ಸೊರಗಿದ್ದಾಳೆ ಅಂತ ತೆರೆದ ಬಾಯಿಗೆ ಎಣ್ಣೆಯಲ್ಲಿ ಕರಿದ ನೈಪತ್ತಿರಿ ತುರುಕಿದರು. ಹೇಡಿ ನಾನು, ಅಗಿದು ನುಂಗಿದೆ.

ಏಳನೆಯ ದಿನ ಮಗುವಿನ ತಲೆಗೂದಲು ತೆಗೆದು ಹೆಸರಿಡಲು ಮಸೀದಿಯ ಉಸ್ತಾದರು ಬಂದರು. ಅಂಗಳದಲ್ಲಿ ಅಖೀಕದ ಆಡು, ಅಂದರೆ ಮಗು ಹುಟ್ಟಿದ್ದಕ್ಕೆ ಕೊಯ್ಯುವ ಆಡು, ಕಟ್ಟಿತ್ತು. ಹೆಸರು ಕೇಳಿ ಉಸ್ತಾದರ ಮುಖ ಅರಳಿತು. ಇಷ್ಟು ಅಪರೂಪದ ಹೆಸರು ಯಾರು ಆರಿಸಿದ್ದು ಅಂತ ಕೇಳಿದರು. ಉಮ್ಮಮ್ಮ ಬಾಗಿಲ ಹಿಂದಿನಿಂದಲೇ, ನಾನು, ಸೇನಾಪತಿ ಅಂತ ಅಲ್ವಾ ಅರ್ಥ ಅಂದರು. ಉಸ್ತಾದರಿಗೆ ಆಶ್ಚರ್ಯ. ಜಿಲ್ಬಾಬ್ ಅಂದರೆ ನಿಲುವಂಗಿ, ಜುಲೈಬೀಬ್ ಅಂದರೆ ಪುಟ್ಟ ನಿಲುವಂಗಿ ಅಂತ ಆಗ್ತದೆ ಅಂದರು. ಪ್ರವಾದಿ ನಬಿಯವರ ಸಂಗಾತಿಗಳಲ್ಲಿ ಒಬ್ಬರ ಹೆಸರಂತೆ. ಗಿಡ್ಡ ಆಳು, ನೋಡಲು ಚೆಂದವಿಲ್ಲ, ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ನಬಿಯವರೇ ಒಂದು ಮನೆಯಲ್ಲಿ ಅವರಿಗಾಗಿ ಹೆಣ್ಣು ಕೇಳಿದರು. ತಾಯಿ ಒಪ್ಪಲಿಲ್ಲ, ಒಳಗಿದ್ದ ಮಗಳು ಒಪ್ಪಿದಳು.

ಎಲ್ಲರೂ ನನ್ನನ್ನು ನೋಡಿದರು. ನಾನು ಆಡನ್ನು ನೋಡಿದೆ. ಆಮೇಲೆ ತಸ್ಲೀಮಾಳ ಮುಖ ಕಂಡು ತಡೆಯಲಾಗಲಿಲ್ಲ. ಸುಳ್ಳು ಹೇಳಿದ್ದು ನಾನು, ಅವಳ ಮಗುವಿಗೆ ಅವಳು ಆರಿಸಿದ ಹೆಸರೇ ಇರಲಿ ಅಂತ ಎಲ್ಲರೆದುರು ಗೊಳೋ ಎಂದು ಅತ್ತೆ.

ಉಮ್ಮಮ್ಮ ಬಾಗಿಲಿನಿಂದ ತಲೆ ಹೊರಹಾಕಿ, ಆ ಹುಡುಗಿಗೆ ಅಜ್ಜಿ ಇರಲಿಲ್ವಾ ಉಸ್ತಾದರೇ, ಇದ್ದಿದ್ರೆ ಕತೆ ಇಷ್ಟು ಬೇಗ ಮುಗೀತಿರ್ಲಿಲ್ಲ ಅಂದರು. ಉಸ್ತಾದರೇ ಮೊದಲು ನಕ್ಕರು. ಮಗು ಸುಹೈಬ್ ಆಯಿತು. ತಸ್ಲೀಮಾ ನನ್ನ ತೋಳು ಚಿವುಟಿದ ಜಾಗ ಇನ್ನೂ ನೀಲಿ. ಊಟಕ್ಕೆ ಉಮ್ಮಮ್ಮ ಇವರನ್ನು ತಮ್ಮ ಪಕ್ಕಕ್ಕೇ ಕರೆದು ಕೂರಿಸಿ, ಆಡಿನ ಲಿವರ್ ಪೂರಾ ಇವರ ತಟ್ಟೆಗೇ ಬಡಿಸಿದರು.

ನಾಚಿಕೆಯೂ ಖುಷಿಯೂ ಒಟ್ಟಿಗೇ ಆಗಿರುವ
ನಿನ್ನ ಶಿಫಾನಾ

ತಾ.ಕ.: ಹೆಸರಿನ ಅರ್ಥ ಗೊತ್ತಿಲ್ಲದೆ ಏನೋ ಒಂದು ಹೇಳಿದೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದಾರೆ. ಆದರೆ ನನಗೆ ಗೊತ್ತಿತ್ತು ಕಣೇ, ಹೆಣ್ಣು ನೋಡಲು ಬಂದ ದಿನ ನಮ್ಮಿಬ್ಬರನ್ನು ಐದು ನಿಮಿಷ ಮಾತಿಗೆ ಬಿಟ್ಟಾಗ ಇವರು ಮೊದಲು ಹೇಳಿದ್ದೇ ಆ ಕತೆ. ಹುಡುಗಿ ಒಪ್ಪಿದಳು ಎಂಬಲ್ಲಿಗೆ ಬರುವ ಮೊದಲೇ ನಾನು ಹೂಂ ಅಂದುಬಿಟ್ಟಿದ್ದೆ.