ಹಳದಿ ಪಟ್ಟಿ ಕಟ್ಟಿದ ಕೈ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಮಾತಿನಮಲ್ಲಿಗೆ ಅಮ್ಮನ ಆಶೀರ್ವಾದ.

ಗಂಟಲು ಹೇಗಿದೆ? ನಿನ್ನೆ ಸಂಜೆ ಟೀವಿಯಲ್ಲಿ ವಾರ್ತೆ ಓದುವಾಗ ನೀನು ಮಧ್ಯೆ ಮಧ್ಯೆ ನೀರು ಕುಡಿಯುತ್ತಿದ್ದೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು ಅಂತ ಎಷ್ಟು ಸಲ ಹೇಳಬೇಕು ನಿನಗೆ. ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ಮೊಮ್ಮಗಳನ್ನು ಶಾಲೆಯಲ್ಲಿ ಇನ್ನೂ ಕೆಣಕುತ್ತಿದ್ದಾರೆಯೇ? ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ. ಬೀಪಿ ಮಾತ್ರ ನಿನ್ನೆಯಿಂದ ಏರಿ ಕೂತಿದೆ, ಅದಕ್ಕೆ ನೀನೇ ಕಾರಣ. ಫೋನಿನಲ್ಲಿ ಹೇಳಿದರೆ ಮಾತಿಗೆ ಮಾತು ಸೇರಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಬಲಗೈಗೆ ಹಳದಿ ಪಟ್ಟಿ ಕಟ್ಟಿತ್ತು. ಮೊದಲು ಕನ್ನಡಕದ ದೋಷ ಅಂದುಕೊಂಡು ಸೆರಗಿನಿಂದ ಒರೆಸಿ ನೋಡಿದೆ. ಪಟ್ಟಿಯೇ. ಮೈಯೆಲ್ಲ ಉರಿದುಹೋಯಿತು. ಟೀವಿ ಆರಿಸಿದೆ, ಮತ್ತೆ ಹಾಕಿದೆ, ಮತ್ತೆ ಆರಿಸಿದೆ. ಇಷ್ಟು ವರ್ಷ ಕಟ್ಟದವಳು ಈಗ ಯಾಕೆ ಕಟ್ಟಿದೆ ಅಂತ ನನಗೆ ಗೊತ್ತಿಲ್ಲವೇ? ಪತ್ರಿಕೆಯವರು ನಿನ್ನ ಬರಿಗೈಯ ಫೋಟೋ ಹಾಕಿ 'ಸತ್ತವರನ್ನು ಮರೆತ ಕೈ' ಅಂತ ಬರೆದರು. ಯಾವನೋ ನಿನ್ನ ಕಿಟಕಿಗೆ ಕಲ್ಲು ಹೊಡೆದ. ನಿನ್ನ ಮೇಲಧಿಕಾರಿ, "ಒಂದು ತುಂಡು ಬಟ್ಟೆ ಕಣಮ್ಮಾ, ಕಟ್ಕೊಂಡ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?" ಅಂದನಂತೆ. ಈ ಪಟ್ಟಿ ಯಾವ ಲಾಂಚಿನಲ್ಲಿ ಸತ್ತವರ ನೆನಪಿಗೋ, ನಿಮ್ಮಪ್ಪ ಮುಳುಗಿದ್ದೂ ಅದೇ ಲಾಂಚಿನಲ್ಲಿ ಅಂತ ಅಲ್ಲಿ ಒಬ್ಬರಿಗೂ ನೀನು ಹೇಳಿಲ್ಲ. ಹೇಳಿದರೆ ಅದನ್ನೇ ಒಂದು ಕಾರ್ಯಕ್ರಮ ಮಾಡಿ, ನಿನ್ನನ್ನು ಕ್ಯಾಮೆರಾ ಮುಂದೆ ಅಳಿಸಿ ತಮ್ಮ ಬೇಳೆ ಬೇಯಿಸಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ. ಸರಿಯಾಗೇ ಮಾಡಿದೆ. ಆದರೆ ಕಟ್ಟಿಕೊಂಡದ್ದು ಸರಿಯಲ್ಲ ಮಗಳೇ.

ಲಾಂಚು ಮುಳುಗಿದ ತಿಂಗಳು ಬಂತೆಂದರೆ ಇಲ್ಲಿ ಎಲ್ಲರಿಗೂ ಹಳದಿಯ ಹುಚ್ಚು. ಟೀವಿಯಲ್ಲಿ ಅಡುಗೆ ಮಾಡುವವನು ಪಟ್ಟಿ ಕಟ್ಟಿದ ಕೈಯಲ್ಲೇ ಹಿಟ್ಟು ನಾದುತ್ತಾನೆ. ಒಳಉಡುಪಿನ ಅಂಗಡಿಯ ಗೊಂಬೆಗೂ ಕಟ್ಟಿದ್ದಾರೆ. ಪಾಪ, ಅದರ ಮೈಮೇಲೆ ಬೇರೆ ಹೆಚ್ಚೇನೂ ಇಲ್ಲ. ದುಡ್ಡಿನಾಸೆಗೆ ಆ ಲಾಂಚಿಗೆ ಜನರನ್ನು ಕುರಿಗಳಂತೆ ತುಂಬಿದ ಮಾಲೀಕನ ಮಗ ಈಗ ಮಂತ್ರಿಯಲ್ಲವೇ, ಅವನದು ರೇಷ್ಮೆ ಪಟ್ಟಿ. ಅಪ್ಪ ಮಾಡಿದ್ದರ ಬಗ್ಗೆ ಅವನನ್ನು ಯಾರೂ ಕೇಳುವುದಿಲ್ಲ. ಕೈಗೆ ಪಟ್ಟಿ ಇದೆಯಲ್ಲ, ಸಾಕು. ಕಲ್ಲು ನಿನ್ನ ಕಿಟಕಿಗೆ. ಥೂ!

ಅವರಿಗೆ ಗೊತ್ತಿಲ್ಲ, ನಿನಗೆ ಗೊತ್ತಿತ್ತಲ್ಲ! ಅವತ್ತು ಅದು ನೆನಪಿನ ಗುರುತಾಗಿರಲಿಲ್ಲ, ಗೇಟ್ ಪಾಸಾಗಿತ್ತು. ಬಂದರಿನ ಗೋದಾಮಿನಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ತಮಾಷೆ ನೋಡಲು ಬಂದವರದೇ ನೂಕುನುಗ್ಗಲು. ಕಾವಲುಗಾರ ಆಫೀಸಿನ ಹಳದಿ ಪರದೆಯನ್ನು ಹರಿದು, ಮನೆಯವರ ಕೈಗೆ ಮಾತ್ರ ಒಂದೊಂದು ಪಟ್ಟಿ ಕಟ್ಟಿ ಒಳಗೆ ಬಿಟ್ಟ. ತಮ್ಮವರು ಸಿಕ್ಕಮೇಲೆ ಅದನ್ನು ಬಿಚ್ಚಿ, ಕಾಯುತ್ತಿರುವ ಇನ್ನೊಬ್ಬರಿಗೆ ಕೊಡಬೇಕಿತ್ತು. ಪಟ್ಟಿ ಕೈಯಲ್ಲೇ ಇದ್ದರೆ ಅವರು ಇನ್ನೂ ಹುಡುಕುತ್ತಿದ್ದಾರೆ ಅಂತ ಅರ್ಥ. ಆಗಿನ್ನೂ ಪುಟ್ಟ ಹುಡುಗಿ ನೀನು, ನಿನಗೂ ಕಟ್ಟಿದ್ದ. ನಿಮ್ಮಪ್ಪ ಸಿಕ್ಕಮೇಲೆ ಬಿಚ್ಚಲು ಬಂದಾಗ ಅವನ ಕೈಯನ್ನೇ ಕಚ್ಚಿ, "ಅದು ಅಪ್ಪ ಅಲ್ಲ, ಅಪ್ಪ ಅಲ್ಲ" ಅಂತ ಕಿರುಚಿದೆ. ನಾನು ನಿಮ್ಮಪ್ಪನ ಉಗುರುಗಳನ್ನು ತೋರಿಸಿದೆ. ದಿನಾ ಕೆಲಸದಲ್ಲಿ ಅಂಟುತ್ತಿದ್ದ ಲಾಂಚಿನ ಎಂಜಿನ್ ಎಣ್ಣೆಯ ಕಪ್ಪು ಅಷ್ಟು ನೀರಿನಲ್ಲಿದ್ದರೂ ಹೋಗಿರಲಿಲ್ಲ. ನೀನು ಬಗ್ಗಿ ಒಂದೊಂದನ್ನೇ ಮುಟ್ಟಿ ನೋಡಿದೆ. ಆಮೇಲೆ ನೀನೇ ಹಲ್ಲಿನಿಂದ ಗಂಟು ಬಿಚ್ಚಿ, ಹಿಂದೆ ನಿಂತಿದ್ದ ಹೆಂಗಸಿಗೆ ಕೊಟ್ಟೆ. ಅವತ್ತು ನಿನಗಿದ್ದ ಗಟ್ಟಿತನ ನನಗೂ ಇರಲಿಲ್ಲ ಕಣೇ.

ಆ ಹೆಂಗಸೇ ನಮ್ಮ ಹೊಲಿಗೆ ಅಜ್ಜಿ. ಅವರ ಮಗ ಸಿಗಲೇ ಇಲ್ಲ. ನೀನು ಕೊಟ್ಟ ಪಟ್ಟಿ ಇವತ್ತಿಗೂ ಅವರ ಕೈಯಲ್ಲಿದೆ. ಬಣ್ಣವೆಲ್ಲ ಹೋಗಿ ಬಿಳಿಚಿಕೊಂಡಿದೆ, ಅಂಚು ಹೊಲಿದು ಹೊಲಿದು ದಪ್ಪವಾಗಿದೆ. ಮೊನ್ನೆ ಚೌಕದಲ್ಲಿ ಪಟ್ಟಿ ಹಂಚುತ್ತಿದ್ದ ಹುಡುಗಿಯೊಬ್ಬಳು ಅದು ಆ ಪಟ್ಟಿ ಅಂತ ಗುರುತಿಸದೆ ಅವರಿಗೇ, "ಏನಜ್ಜಿ, ಸತ್ತವರ ಮೇಲೆ ಸ್ವಲ್ಪನಾದ್ರೂ ಗೌರವ ಬೇಡ್ವಾ?" ಅಂದಳಂತೆ. ಅಜ್ಜಿ ತೋಳಿನ ಬಟ್ಟೆಯನ್ನು ಪಟ್ಟಿಯ ಮೇಲೆ ಎಳೆದುಕೊಂಡು ಮನೆಗೆ ಬಂದರು. ನಾನು ಅಲ್ಲಿದ್ದಿದ್ದರೆ ಅವಳಿಗೆ ಚೆನ್ನಾಗಿ ಮಂಗಳಾರತಿ ಮಾಡುತ್ತಿದ್ದೆ.

ಗುರುವಾರ ಲಾಂಚಿನಲ್ಲಿ ಸತ್ತವರ ಸ್ಮರಣೆಯ ನೇರಪ್ರಸಾರ ನಿನ್ನದೇ ಅಂತ ಜಾಹೀರಾತು ಬರುತ್ತಿದೆ. ಬರಿಗೈಯಲ್ಲಿ ಬಂದರೆ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸುತ್ತೇವೆ ಅಂದಿದ್ದಾರಂತೆ, ಅಳಿಯಂದಿರು ಹೇಳಿದರು. ಕೂರಿಸಲಿ. ಆ ಕುರ್ಚಿ ಹತ್ತಲು ನೀನು ಪಟ್ಟ ಪಾಡು ನಾನು ಕಂಡಿದ್ದೇನೆ, ಹೋದರೆ ನನ್ನ ಹೊಟ್ಟೆಯೂ ಉರಿಯುತ್ತದೆ. ಆದರೂ ಹೇಳುತ್ತೇನೆ, ಬಿಚ್ಚಿಡು. ಈ ಮನೆಯಲ್ಲಿ ನಿನ್ನ ಕೋಣೆ ಇದೆ, ನಿನ್ನ ಮೇಲೆ ರೇಗಲು ನಾನಿದ್ದೇನೆ.

ಅಳಿಯಂದಿರಿಗೆ ಬಿಸಿನೀರಿನ ಶಾಖ ಕೊಡು. ಮೊಮ್ಮಗಳಿಗೆ ಒಂದು ಮುತ್ತು. ನೂರು ಕಾಲ ಚೆನ್ನಾಗಿರಿ, ಯಾರಿಗೂ ಹೆದರಬೇಡಿ.

ಇಂತಿ,
ಸಿಟ್ಟಿನಲ್ಲೂ ನಿನ್ನವಳೇ ಆದ
ಅಮ್ಮ

ಮರೆತೆ: ಲಕೋಟೆ ಅಂಟಿಸುವಾಗ ಹೊಲಿಗೆ ಅಜ್ಜಿ ಬಾಗಿಲು ತಟ್ಟಿದರು. ಈಗೀಗ ಅವರಿಗೆ ಹಳೆಯದು ಹೊಸದು ಎಲ್ಲ ಕಲಸಿಹೋಗುತ್ತದೆ. ನಿನ್ನೆ ಟೀವಿಯಲ್ಲಿ ನಿನ್ನ ಕೈ ನೋಡಿದ್ದಾರೆ. "ಮಗು ಕೈಗೆ ಮತ್ತೆ ಕಟ್ಟಿದಾರಲ್ಲೇ, ಅವರಪ್ಪ ಸಿಕ್ಕಿದ್ರಲ್ಲ? ಈಗ ಯಾರು ಸಿಕ್ತಿಲ್ಲ?" ಅಂತ ಕೇಳಿದರು. "ಒಬ್ಬಳನ್ನೇ ಗೋದಾಮಿನೊಳಗೆ ಕಳಿಸ್ಬೇಡ, ಹೆದರ್ಕೋತಾಳೆ. ನಾನೂ ಜೊತೆಗೆ ಹೋಗ್ತೀನಿ" ಅನ್ನುತ್ತಾ ಹಜಾರದಲ್ಲಿ ಕೂತಿದ್ದಾರೆ. ಚಪ್ಪಲಿ ಇನ್ನೂ ಬಿಚ್ಚಿಲ್ಲ.